ಚೀನೀ ಕಲಾವಿದ ಶೂ ಬಿಂಗ್ ಅವರ ‘ತಿಯಾನ್‌ಶು’ (ಆಗಸದ ಪುಸ್ತಕ) ಕಲಾಕೃತಿ ನೋಡಲು ಚೀನೀ ಬರಬೇಕೇ?

ಬೇಕಿಲ್ಲ. ಚೀನೀ ಬಲ್ಲವರಿಗೂ ಅದರಲ್ಲಿ ಒಂದಕ್ಷರ ಓದಲಾಗದು. ಶೂ ಬಿಂಗ್ 1987ರಿಂದ ಸುಮಾರು 4000 ಅಕ್ಷರಗಳನ್ನು ತಾವೇ ಕಲ್ಪಿಸಿ, ಮರದ ಅಚ್ಚುಮೊಳೆಗಳಾಗಿ ಕೊರೆದರು. ಭಾಗಗಳೆಲ್ಲ ಚೀನೀ ಲಿಪಿಯವೇ, ಜೋಡಣೆ ಮಾತ್ರ ಯಾವ ನಿಘಂಟಿನಲ್ಲೂ ಇಲ್ಲ. ನಮ್ಮ ತಲೆಕಟ್ಟು, ಒತ್ತು ಎಲ್ಲ ಇದ್ದೂ ಕನ್ನಡದಲ್ಲೇ ಇಲ್ಲದ ಅಕ್ಷರ ಬರೆದಂತೆ!

ಆ ಮೊಳೆಗಳಿಂದ ಅಚ್ಚೊತ್ತಿ ಛಾವಣಿಯಿಂದ ಇಳಿಬಿಟ್ಟ ಸುರುಳಿಗಳನ್ನಷ್ಟೇ ನೋಡಿ ಬರಬೇಡಿ. ಕೆಳಗೆ ತೆರೆದಿಟ್ಟ ಪುಸ್ತಕಗಳತ್ತ ಬಗ್ಗಿ ನೋಡಿ: ದಾರದ ಹೊಲಿಗೆ, ನೀಲಿ ಹೊದಿಕೆ, ಸಣ್ಣಕ್ಷರದ ಟಿಪ್ಪಣಿಗಳು, ಎಲ್ಲವೂ ಹಳೆಯ ಗ್ರಂಥದಂತೆಯೇ. ಆ ಶ್ರದ್ಧೆಯೇ ಕೃತಿಯ ಜೀವ.

1988ರಲ್ಲಿ ಬೀಜಿಂಗ್‌ನಲ್ಲಿ ಮೊದಲು ತೋರಿಸಿದಾಗ ನೋಡುಗರಿಗೆ ಪರಿಚಿತ ಲಿಪಿಯೇ ಕೈಕೊಟ್ಟಿತ್ತು. 1990ರಲ್ಲಿ ಶೂ ಬಿಂಗ್ ಅಮೆರಿಕಕ್ಕೆ ಹೋದರು. ಚೀನೀ ಬಾರದ ಅಲ್ಲಿನ ನೋಡುಗರು ಇದನ್ನು ನಿಜವಾದ ಪಠ್ಯವೆಂದೇ ಭಾವಿಸಬಹುದು. ಹಾಗಾಗಿ ಪಕ್ಕದ ವಿವರಣಾ ಫಲಕ ಮೊದಲು ಓದಿಕೊಳ್ಳಿ.