ಕಾರಿನ ಹಿಂದಿನ ಫಿಕ್ಸ್ಡ್ ಗಾಜಿನ ಸುತ್ತ ನೀರು ಸೋರುತ್ತಿದೆ. ಯಾವ ಸಿಲಿಕಾನ್ ಹಚ್ಚಲಿ?

ಯಾವುದೂ ಬೇಡ. ಹಿಂದಿನ ಸೀಟಿನ ಪಕ್ಕದ ತೆರೆಯದ ಗಾಜು, ಕೆಳಮೂಲೆಯಲ್ಲಿ ನೀರು, ಒದ್ದೆ ಕಾರ್ಪೆಟ್, ಮುಗ್ಗಲು ವಾಸನೆ. ನೀವು ಬರೆದಿದ್ದೆಲ್ಲ ನನ್ನ ಹಳೇ ಕಾರಿನ ಕಥೆಯೇ.

ನಾನೂ ಸಿಲಿಕಾನನ್ನೇ ಹಚ್ಚಿದೆ. ಬಾತ್‌ರೂಮಿಗೆ ಬಳಸುವ ಟ್ಯೂಬ್ ಮನೆಯಲ್ಲಿತ್ತು, ಗಾಜಿನ ಸುತ್ತ ಹೊರಗಿನಿಂದ ಎಳೆದು ಬೆರಳಲ್ಲಿ ಸವರಿದೆ. ಸೋರುವುದು ನಿಂತಿತು. ಸ್ವಲ್ಪ ದಿನಕ್ಕೆ ಮತ್ತೆ ಶುರುವಾಯಿತು, ಅದರ ಮೇಲೇ ಇನ್ನೊಂದು ಪದರ ಹಾಕಿದೆ. ಇದರಿಂದ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ಆ ಸಿಲಿಕಾನ್ ಒಣಗುವಾಗ ವಿನೆಗರ್ ಥರ ಘಾಟು ಬರುತ್ತದೆ ಅಲ್ವಾ, ಅದು ಅಸಿಟಿಕ್ ಆಮ್ಲ, ಬಣ್ಣ ಎದ್ದ ತಗಡಿಗೆ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ. ನೀರು ನುಗ್ಗುತ್ತಿದ್ದದ್ದು ಗಾಜಿನ ಮೇಲಂಚಿನಿಂದ. ಅಲ್ಲಿ ಸಿಲಿಕಾನ್ ಬಿಟ್ಟುಕೊಂಡಿತು, ಕೆಳಗೆ ಮಾತ್ರ ಗಟ್ಟಿಯಾಗಿ ಕೂತಿತು. ಹಾಗಾಗಿ ಒಳಹೊಕ್ಕ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲದೆ ಸಂದಿಯಲ್ಲೇ ನಿಂತು ತಗಡನ್ನು ತಿನ್ನತೊಡಗಿತು. ಕೊನೆಗೆ ಗಾಜು ಬಿಚ್ಚಿಸಿದಾಗ ಅದು ಕೂರುವ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಕಂದು ಪುಡಿ ಉದುರಿತು, ತೂತು ಬಿತ್ತು. ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕಾಯಿತು. ಸಿಲಿಕಾನಿನ ಪಸೆ ಉಳಿದ ಕಡೆ ಹೊಸ ಅಂಟಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ, ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಹಾಗಾಗಿ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ತೊಟ್ಟಿಕ್ಕುವ ಜಾಗ ನೋಡಿ ಸುಮ್ನೆ ಮೋಸ ಹೋಗಬೇಡಿ. ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ, ಟಾರ್ಚ್ ಹಿಡಿದು ಒಬ್ಬರು ಒಳಗೆ ಕೂರಲಿ. ಹೊರಗಿನಿಂದ ಪೈಪ್‌ನಲ್ಲಿ ಜೋರಿಲ್ಲದೆ ನೀರು ಬಿಡಿ. ಕೆಳಗಿನ ಅಂಚಿನಿಂದ ಶುರುಮಾಡಿ, ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ನಿಂತು ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಗಾಜು ಸರಿಯಿದ್ದು ರೂಫ್‌ನ ಜೋಡಣೆಯಿಂದಲೋ ಸನ್‌ರೂಫ್ ಇದ್ದರೆ ಅದರ ಡ್ರೈನ್ ಪೈಪಿನಿಂದಲೋ ನೀರು ಬರುವುದೂ ಉಂಟು.

ಗಾಜೇ ಕಾರಣ ಅಂತಾದರೆ ಅದು ಎರಡರಲ್ಲಿ ಯಾವುದು ನೋಡಿ. ರಬ್ಬರ್ ಬೀಡಿಂಗ್‌ನಲ್ಲಿ ಕೂತ ಗಾಜಾದರೆ, ರಬ್ಬರ್ ಗಟ್ಟಿಯಾಗಿ ಮೂಲೆಯಲ್ಲಿ ಬಿರುಕು ಬಿಟ್ಟಿದ್ದರೆ ಹೊಸ ಬೀಡಿಂಗ್ ಹಾಕಿಸಿ, ಮುಗಿಯಿತು. ಅಂಟಿಸಿದ ಗಾಜಾದರೆ ಬಿಚ್ಚಿಸಿಯೇ ಸರಿಮಾಡಿಸಿ, ನನ್ನ ಪ್ರಕಾರ ಬೇರೆ ದಾರಿ ಇಲ್ಲ. ಗಾಜು ಹಿಡಿದಿರುವ ಹಳೇ ಯುರೇಥೇನ್ ಅಂಟು ಗಟ್ಟಿಯಾಗಿದ್ದರೆ ಪೂರ್ತಿ ಕೀಳಬೇಕಿಲ್ಲ, ತೆಳ್ಳಗೆ ಒಂದು ಪದರ ಉಳಿಸಿ ಕತ್ತರಿಸುತ್ತಾರೆ. ಹೊಸದು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬರೀ ತಗಡು ಕಂಡ ಕಡೆ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿದ ಮೇಲೆಯೇ ಅಂಟು ಹಾಕಬೇಕು. ಆ ಹಂತದಲ್ಲಿ ನೀವೇ ನಿಂತು ನೋಡಿ, ಅವಸರದಲ್ಲಿ ಇದನ್ನೇ ಬಿಟ್ಟುಬಿಡುವವರಿದ್ದಾರೆ.

ಮುಂದಿನ ಗಾಜಾಗಿದ್ದರೆ ನೀವೇ ಕೈ ಹಾಕಲೇಬೇಡಿ ಅನ್ನುತ್ತಿದ್ದೆ. ಅಪಘಾತದಲ್ಲಿ ರೂಫ್ ಕುಸಿಯದಂತೆ ಅದೂ ತಡೆಯುತ್ತದೆ, ಡ್ರೈವರ್ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಅದಕ್ಕೇ ಒರಗುತ್ತದೆ.

ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ನೀರು ಹಿಡಿದಿರುತ್ತದೆ. ಎತ್ತಿ ಬಿಸಿಲಿಗೆ ಹಾಕಿ, ಅಲ್ಲೇ ಹಾದುಹೋಗುವ ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಬಂದಿದೆಯಾ ನೋಡಿ.