ಕಾರಿನ ಮೇಲಿನ ಬಿಳಿ ಕಲೆಗೆ ಆರ್‌ಒ ಬಕೆಟ್ ಕಾರಣ

ಪ್ರಶ್ನೆ: ಸರ್, ನಮ್ಮದು ಕಪ್ಪು ಕಾರು. ಮನೆ ವೈಟ್‌ಫೀಲ್ಡ್ ಕಡೆ, ಅಪಾರ್ಟ್‌ಮೆಂಟ್. ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಎಷ್ಟು ತೊಳೆದರೂ ಬೋನೆಟ್ ಮೇಲೆ ಬಿಳಿ ಉಂಗುರದಂಥ ಕಲೆ ಉಳಿಯುತ್ತದೆ. ನೀರು ಸುಮ್ನೆ ಹಾಳಾಗಬಾರದು ಅಂತ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನೇ ಹಿಡಿದಿಟ್ಟು ಕಾರು ತೊಳೆಯುತ್ತೇವೆ. ಶಾಂಪೂ ಬದಲಾಯಿಸಿದ್ದೂ ಆಯಿತು. ಏನು ಮಾಡಲಿ?

ಉತ್ತರ: ಶಾಂಪೂ ಪಾಪ, ಅದರದ್ದೇನೂ ತಪ್ಪಿಲ್ಲ. ಕಳ್ಳ ಕೂತಿರುವುದು ಆ ಬಕೆಟ್‌ನಲ್ಲೇ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲೇ ಜಾಸ್ತಿ. ಅದನ್ನು ಕುಡಿಯುವ ನೀರಿನಿಂದ ಬೇರೆ ಮಾಡಿ ಇನ್ನೊಂದು ಪೈಪಿನಲ್ಲಿ ಆಚೆ ತಳ್ಳುವುದೇ ಆರ್‌ಒ ಕೆಲಸ. ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಕುಡಿಯುವ ನೀರು ಬಂತು ಅಂದುಕೊಳ್ಳಿ, ಆ ಮೂರೂ ಲೀಟರಿನ ಉಪ್ಪು ಹೆಚ್ಚುಕಡಿಮೆ ಪೂರ್ತಿ ಉಳಿದ ಎರಡು ಲೀಟರಿಗೆ ಸೇರಿತು, ಅಂದರೆ ನಲ್ಲಿ ನೀರಿಗಿಂತ ಒಂದೂವರೆ ಪಟ್ಟು ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ಐಎಸ್ 10500 ಮಾನದಂಡ. ನಿಮ್ಮ ಬೋರ್ ನೀರು ಆ 600ರಲ್ಲೇ ಇದ್ದರೆ ಬಕೆಟ್ ನೀರು 900 ಆಯಿತು. ಆ ನೀರಿನಲ್ಲಿ ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ಕಾರಿಗೆ ಮಾತ್ರ ಬೇಡ.

ಈಗ ಇರುವ ಕಲೆ ತೆಗೆಯೋಣ. ಮೊದಲು ಕಾರನ್ನು ನೆರಳಿಗೆ ತಂದು ಬೋನೆಟ್ ತಣ್ಣಗಾಗಲು ಬಿಡಿ. ತೊಳೆದು ಒರೆಸಿ, ಬೆರಳ ತುದಿಯಿಂದ ಕಲೆ ಸವರಿ ನೋಡಿ. ತರಿತರಿ ಅನಿಸಿದರೆ ಒಳ್ಳೆಯ ಸುದ್ದಿ, ಗಡಸು ನೀರು ಒಣಗಿ ಬಿಟ್ಟುಹೋದ ಸುಣ್ಣ ಇನ್ನೂ ಮೇಲೆಯೇ ಕೂತಿದೆ. ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ (ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವ ಬ್ಯಾಟರಿ ನೀರು ಇದೇ, ಬ್ಯಾಟರಿ ಆಸಿಡ್ ಬೇರೆ, ಲೇಬಲ್ ಓದಿ ತನ್ನಿ). ಮೈಕ್ರೋಫೈಬರ್ ಬಟ್ಟೆ ಅದ್ದಿ, ಕಲೆಯ ಮೇಲೆ ಒಂದೆರಡು ನಿಮಿಷ ಸುಮ್ನೆ ಹಾಸಿಡಿ. ಉಜ್ಜಬೇಡಿ. ಸುಣ್ಣವನ್ನು ಕರಗಿಸುವ ಕೆಲಸ ಹುಳಿಯದ್ದು, ನಿಮ್ಮ ತೋಳಿನದ್ದಲ್ಲ. ಅಲ್ಲೇ ಒಣಗಲು ಬಿಡದೆ ಶಾಂಪೂ ಹಾಕಿ ತೊಳೆದುಬಿಡಿ. ದಪ್ಪ ಕಲೆಯಾದರೆ ಇನ್ನೊಂದು ಸಲ. ವಿನೆಗರ್ ಮೇಲಿನ ವ್ಯಾಕ್ಸನ್ನೂ ತೆಗೆದುಬಿಡುತ್ತದೆ, ಹಾಗಾಗಿ ಕೊನೆಗೆ ಮತ್ತೆ ವ್ಯಾಕ್ಸ್ ಹಚ್ಚಿ.

ಇಷ್ಟೆಲ್ಲ ಆದ ಮೇಲೂ, ಒದ್ದೆ ಇದ್ದಾಗ ಮಾಯವಾಗಿ ಒಣಗಿದ ತಕ್ಷಣ ಉಂಗುರ ಮತ್ತೆ ಕಂಡರೆ ಅದು ಕ್ಲಿಯರ್ ಕೋಟನ್ನೇ, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನೇ ತಿಂದಿದೆ. ಅದಕ್ಕೆ ಪಾಲಿಶ್ ಒಂದೇ ದಾರಿ. ಪಾಲಿಶ್ ಅಂದರೆ ಆ ಪದರವನ್ನೇ ಸ್ವಲ್ಪ ಸವೆಸುವುದು. ಅದಿರುವುದೇ ಸುಮಾರು 40-50 ಮೈಕ್ರಾನ್, ನಮ್ಮ ಕೂದಲಿಗಿಂತ ತೆಳು. ಆದ್ದರಿಂದ ವರ್ಷಕ್ಕೆರಡು ಸಲ ಪಾಲಿಶ್ ಮಾಡಿಸಿ ಅನ್ನುವವರ ಮಾತು ಕೇಳಬೇಡಿ. ಟಾಯ್ಲೆಟ್ ಕ್ಲೀನರ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಇವೆರಡೂ ಕಾರಿನ ಹತ್ತಿರ ಸುಳಿಯಬಾರದು.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲೆ ಬೀಳುವುದೇ ಇಲ್ಲ ಅಂತಾರೆ, ನಿಜಾನಾ?

ಉತ್ತರ: ಇಲ್ಲ. ಕೋಟಿಂಗ್ ಇದ್ದರೆ ನೀರು ಗುಂಡಗೆ ಮುತ್ತಿನ ಹಾಗೆ ನಿಲ್ಲುತ್ತದೆ, ನೋಡಲು ಚಂದ. ಜಾರಿ ಹೋದರೆ ಸರಿ, ಬಿಸಿಲಿಗೆ ಅಲ್ಲೇ ಒಣಗಿದರೆ ಪ್ರತಿ ಹನಿಯೂ ಒಂದೊಂದು ಉಂಗುರ ಬಿಟ್ಟು ಹೋಗುತ್ತದೆ. ತೆಗೆಯುವುದು ಸ್ವಲ್ಪ ಸುಲಭ, ಅಷ್ಟೇ. ಕಲೆ ಬೀಳದಿರಲು ಬೇಕಿರುವುದು ದೊಡ್ಡದೊಂದು ಒಣ ಟವೆಲ್. ಇಡೀ ಕಾರು ತೊಳೆದು ಕೊನೆಗೆ ಒರೆಸೋಣ ಅಂತ ಕಾಯಬೇಡಿ, ಮೊದಲು ರೂಫ್ ತೊಳೆದು ಒರೆಸಿ, ಆಮೇಲೆ ಬೋನೆಟ್, ಹೀಗೆ. ಬೆಳಿಗ್ಗೆ ಐದಕ್ಕೆ ಬಂದು ಒಂದೇ ಬಕೆಟ್‌ನಲ್ಲಿ ಹತ್ತು ಕಾರು ತೊಳೆಯುವ ಹುಡುಗನಿಗೂ ಒಂದು ಒಳ್ಳೆ ಟವೆಲ್ ನೀವೇ ಕೊಡಿಸಿ. ತೊಳೆಯುವುದು ಅವನೇ ತಾನೆ?

ಪ್ರಶ್ನೆ: ಹಾಗಾದರೆ ಕಾವೇರಿ ನೀರಿನಲ್ಲೇ ತೊಳೆದರಾಯಿತು, ಅಲ್ವಾ?

ಉತ್ತರ: ಅದು ಬೋರ್ ನೀರಿಗಿಂತ ಮೆದು, ನಿಜ. ಆದರೆ ಕುಡಿಯುವ ನೀರು ಕಣ್ರೀ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶವನ್ನೇ ಹೊರಡಿಸಿತ್ತು. ಅದಕ್ಕಿಂತ ಚೆನ್ನಾಗಿರುವ ನೀರು ಪುಕ್ಕಟೆ ಸಿಗುತ್ತದೆ. ಒಂದು, ಚಾವಣಿಯಿಂದ ಹಿಡಿದ ಮಳೆನೀರು. ಇನ್ನೊಂದು, ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು, ಅದು ಗಾಳಿಯ ತೇವ ತಣ್ಣಗಾಗಿ ಇಳಿದದ್ದು, ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಧೂಳಿರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಇಡೀ ಕಾರಿಗೆ ಸಾಲದಿದ್ದರೂ ಕೊನೆಯ ಸಲ ಸುರಿಯಲು ಅರ್ಧ ಬಕೆಟ್ ಸಾಕು, ಯಾಕೆಂದರೆ ಒಣಗುವುದು ಆ ಕೊನೆಯ ನೀರೇ.

ಪ್ರಶ್ನೆ: ನಾನು ಕಾರು ತೊಳೆಯುವುದೇ ಅಪರೂಪ. ಆದರೂ ಎಡಗಡೆ ಬಾಗಿಲಿನ ಮೇಲೆ ಮಾತ್ರ ಕಲೆ!

ಉತ್ತರ: ಪಾರ್ಕಿಂಗ್ ಪಕ್ಕ ಲಾನ್ ಸ್ಪ್ರಿಂಕ್ಲರ್ ಇದೆಯಾ? ಇಲ್ಲದಿದ್ದರೆ ತಲೆ ಎತ್ತಿ ನೋಡಿ, ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವ ಪೈಪ್ ಎಲ್ಲಿಗೆ ಬಂದು ನಿಂತಿದೆ ಅಂತ. ಕಾರು ಎರಡಡಿ ಆಚೆ ನಿಲ್ಲಿಸಿ.