ಬಿದ್ದ ಮರುದಿನ ಕಾಣಿಸಿದ ಮಂಪರು
ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವ ನಿಮ್ಮ 78 ವರ್ಷದ ತಂದೆಯವರು ನಿನ್ನೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಇಂದು ಮಂಪರಿನಲ್ಲಿರುವುದಕ್ಕೆ, ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಜಿನುಗುತ್ತಿರುವುದು ಕಾರಣವಿರಬಹುದು, ಸಿ.ಟಿ. ಸ್ಕ್ಯಾನ್ ಆಗದೆ ಅದನ್ನು ಖಚಿತವಾಗಿ ಹೇಳಲಾಗದು. ವಯಸ್ಸಾದಂತೆ ಮೆದುಳು ಕುಗ್ಗಿ ಸುತ್ತಲಿನ ಜಾಗ ಹೆಚ್ಚುವುದರಿಂದ ಲಕ್ಷಣಗಳು ತಡವಾಗಿ ತೋರುತ್ತವೆ, ಆದ್ದರಿಂದ ಹೊರಗೆ ಗಾಯವಿಲ್ಲವೆಂದು ದಯವಿಟ್ಟು ಸುಮ್ಮನಿರಬೇಡಿ. ಈಗಲೇ ಆಂಬುಲೆನ್ಸ್ ಕರೆಸಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಿರಿ. ಅಲ್ಲಿಯವರೆಗೆ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ, ವಾಂತಿಯಾದರೆ ತಲೆ ಮತ್ತು ಮೈಯನ್ನು ಒಟ್ಟಿಗೇ ಮಗ್ಗುಲಿಗೆ ಹೊರಳಿಸಿ. ಆಹಾರ, ನೀರು, ಮುಂದಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಮಾತ್ರೆಯ ಖಾಲಿ ಸ್ಟ್ರಿಪ್ ಆದರೂ ಸರಿ, ಜೊತೆಗೊಯ್ದು, ಕೊನೆಯದನ್ನು ಎಷ್ಟು ಗಂಟೆಗೆ ನುಂಗಿದರೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಅದರ ಪರಿಣಾಮ ತಗ್ಗಿಸುವ ಔಷಧದ ಆಯ್ಕೆ ಬಹುಮಟ್ಟಿಗೆ ಯಾವ ಮಾತ್ರೆಯನ್ನು ಯಾವಾಗ ನುಂಗಿದರೆಂಬುದನ್ನೇ ಅವಲಂಬಿಸಿದೆ.